ಹುಬ್ಬು ತಿದ್ದಿದ್ದೇ ಗೊತ್ತಾಗಬಾರದು: ಪೆನ್ಸಿಲ್ಲೋ, ಪೌಡರೋ, ಜೆಲ್ಲೋ?

ತೆಳುಗೆರೆ:
ಕೂದಲು ಕಪ್ಪು, ಚರ್ಮ ಎಣ್ಣೆಯದು. ಎಡಹುಬ್ಬಿನ ಕಮಾನಿನ ಕೆಳಗೆ ಒಂದು ಖಾಲಿ ಜಾಗ, ಎರಡೂ ಹುಬ್ಬಿನ ಬಾಲ ತೀರಾ ತೆಳು. ಕಪ್ಪು ಪೆನ್ಸಿಲ್ ಎಳೆದರೆ ಸ್ಟಿಕ್ಕರ್ ಅಂಟಿಸಿದ ಹಾಗೆ ಕಾಣುತ್ತದೆ. ಕಂದು ಎಳೆದರೆ ಮಧ್ಯಾಹ್ನಕ್ಕೆ ಕೆಂಪಗಾಗಿ, ಬಾಲ ಅಳಿಸಿಹೋಗಿರುತ್ತದೆ. ಪೆನ್ಸಿಲ್, ಪೌಡರ್, ಪೊಮೇಡ್ (ಡಬ್ಬಿಯಲ್ಲಿ ಬರುವ ಗಟ್ಟಿ ಕ್ರೀಮ್), ಪೆನ್ನು, ಜೆಲ್ ಅಂತ ಐದು ಬಗೆ ಇರುವಾಗ ಇಂಥ ಹುಬ್ಬಿಗೆ ಯಾವುದು, ಯಾಕೆ? ಬ್ರ್ಯಾಂಡ್ ಹೆಸರು ಬೇಡ, ಕಾರಣ ಹೇಳಿದರೆ ಸಾಕು. ಹಚ್ಚುವ ಕ್ರಮವೂ ಬೇಕು.

ನಸುಗಪ್ಪು:
ಮೊದಲು ಬಣ್ಣದ ವಿಚಾರ ಮುಗಿಸೋಣ. ಶೇಡ್ ತಪ್ಪಿದರೆ ಕೈ ಎಷ್ಟು ಪಳಗಿದ್ದರೂ ಉಪಯೋಗವಿಲ್ಲ.

ಕಪ್ಪು ಕೂದಲಿನ ಹುಬ್ಬು ದೂರದಿಂದ ನೋಡಿದರೆ ಅಚ್ಚಕಪ್ಪಾಗಿ ಕಾಣುವುದಿಲ್ಲ. ಕೂದಲ ಸಂದಿನಲ್ಲಿ ಚರ್ಮ ಇಣುಕುತ್ತಿರುತ್ತದೆ, ಎರಡೂ ಸೇರಿ ಕಣ್ಣಿಗೆ ಗಾಢ ಕಂದಾಗಿ ಬೀಳುತ್ತದೆ. ಪೆನ್ಸಿಲ್ ಆ ಸಂದುಗಳನ್ನೇ ಮುಚ್ಚುತ್ತದೆ. ಆದ್ದರಿಂದ ಕೂದಲಿನಷ್ಟೇ ಕಪ್ಪಾದ ಪೆನ್ಸಿಲ್ ಎಳೆದರೆ ಒಟ್ಟು ಹುಬ್ಬು ಇದ್ದುದಕ್ಕಿಂತ ಕಪ್ಪಾಗುತ್ತದೆ. ನೀವು ಹೇಳುವ ‘ಸ್ಟಿಕ್ಕರ್’ ಇದೇ. ಕಪ್ಪು ಕೂದಲಿಗೆ ಒಂದೆರಡು ಮೆಟ್ಟಿಲು ತಿಳಿಯಾದ, ಬೂದಿ ಛಾಯೆಯ ಗಾಢ ಕಂದು ತೆಗೆದುಕೊಳ್ಳಿ. ತಿಳಿ ಹೊಂಗೂದಲಿನವರಿಗೆ ಲೆಕ್ಕ ತಿರುಗುಮುರುಗು, ಅವರಿಗೆ ಕೂದಲಿಗಿಂತ ಒಂದು ಮೆಟ್ಟಿಲು ಗಾಢ ಬೇಕು.

ಇನ್ನು ಕೆಂಪಾಗುವ ಕಥೆ. ಹುಬ್ಬಿನ ಪೆನ್ಸಿಲ್ಲುಗಳ ಕಂದು ಬಣ್ಣ ಬರುವುದು ಹೆಚ್ಚಾಗಿ ಮೂರು ಐರನ್ ಆಕ್ಸೈಡ್‌ಗಳ ಮಿಶ್ರಣದಿಂದ: ಕೆಂಪು, ಹಳದಿ, ಕಪ್ಪು. ಡಬ್ಬಿಯ ಹಿಂದೆ ಸಿಐ 77491, 77492, 77499 ಅಂತ ಬರೆದಿರುವುದು ಇವೇ. ಇವು ಮುಖದ ಮೇಲೆ ರಾಸಾಯನಿಕವಾಗಿ ಬದಲಾಗುವ ಬಣ್ಣಗಳಲ್ಲ. ಆಗುವುದು ಇಷ್ಟೇ: ಎಣ್ಣೆ ಊರಿ ಪೆನ್ಸಿಲ್ಲಿನ ಮೇಣ ಸಡಿಲಾಗುತ್ತದೆ, ದಪ್ಪ ಗೆರೆ ತೆಳುವಾಗಿ ಹರಡುತ್ತದೆ. ದಪ್ಪವಿದ್ದಾಗ ಅಡಗಿದ್ದ ಕೆಂಪು ತೆಳುವಾದಾಗ ಹೊರಬೀಳುತ್ತದೆ.

ಕೊಳ್ಳುವ ಮುಂಚೆಯೇ ಇದನ್ನು ಕಂಡುಹಿಡಿಯಬಹುದು. ಟೆಸ್ಟರ್‌ನಿಂದ ಬಿಳಿ ಕಾಗದದ ಮೇಲೆ ಒತ್ತಿ ಒಂದು ಗೆರೆ ಎಳೆದು, ಅದನ್ನು ಬೆರಳಿನಿಂದ ಎರಡು ಇಂಚು ಉದ್ದಕ್ಕೆ ಉಜ್ಜಿ. ಗೆರೆ ಇದ್ದಲ್ಲಿ ಎಲ್ಲ ಕಂದೂ ಒಂದೇ. ಉಜ್ಜಿದ ಬಾಲದ ಕೊನೆಯಲ್ಲಿ ಮಾತ್ರ ಇಟ್ಟಿಗೆ ಕೆಂಪೋ, ಹಳದಿಯೋ, ಬೂದಿಯೋ ಅಂತ ತಿಳಿಯುತ್ತದೆ. ಮಧ್ಯಾಹ್ನ ಮುಖದ ಮೇಲೆ ಉಳಿಯುವುದು ಆ ಕೊನೆಯ ಬಣ್ಣ.

ಕನ್ನಡಿಬಿಲ್ಲೆ:
ಮೇಲಿನದಕ್ಕೆ ಒಂದು ಸೇರ್ಪಡೆ. ‘ಬೂದಿ ಛಾಯೆ’ ಅಂದ ಮಾತ್ರಕ್ಕೆ ಎಲ್ಲರಿಗೂ ಹೊಂದುತ್ತದೆ ಅಂತ ತಿಳಿಯಬೇಡಿ. ಗಾಢ ಚರ್ಮದ ಮೇಲೆ ತಿಳಿ ಬೂದುಗಂದು ಹಚ್ಚಿದರೆ ಹುಬ್ಬಿಗೆ ಧೂಳು ಕೂತ ಹಾಗೆ ಕಾಣುತ್ತದೆ. ಆ ಶೇಡ್‌ಗಳಲ್ಲಿ ಟೈಟಾನಿಯಂ ಡೈಆಕ್ಸೈಡ್, ಅಂದರೆ ಬಿಳಿ ಬಣ್ಣ, ಜಾಸ್ತಿ ಇರುತ್ತದೆ. ಗಾಢ ಚರ್ಮ, ಕಪ್ಪು ಕೂದಲು ಎರಡೂ ಇದ್ದವರಿಗೆ ‘ಸಾಫ್ಟ್ ಬ್ಲ್ಯಾಕ್’ ಅಂತ ಬರುವ ಇದ್ದಿಲು ಬಣ್ಣ ತೆಳುವಾಗಿ ಹಚ್ಚಿದರೆ ಚೆನ್ನಾಗಿಯೇ ಕೂರುತ್ತದೆ.

ಇನ್ನೊಂದು, ಶೇಡ್ ಅನ್ನು ಅಂಗೈ ಹಿಂದೆ ಹಚ್ಚಿ ನೋಡಿ ಕೊಳ್ಳುವವರೇ ಹೆಚ್ಚು. ಅಲ್ಲಿ ಹುಬ್ಬಿನ ಕೂದಲೂ ಇಲ್ಲ, ಹಣೆಯ ಬಣ್ಣವೂ ಇಲ್ಲ. ಹುಬ್ಬಿನ ಮೇಲೇ ನೋಡಬೇಕು, ಅದೂ ಕಿಟಕಿಯ ಬೆಳಕಿನಲ್ಲಿ. ಹಳದಿ ಬಲ್ಬಿನ ಕೆಳಗೆ ನಿಂತು ಕಂದು ಶೇಡ್ ಆರಿಸುವುದು ಕಣ್ಣು ಕಟ್ಟಿಕೊಂಡು ಆರಿಸಿದ ಹಾಗೆ. ಟೆಸ್ಟರ್ ಅನ್ನು ನೇರ ಮುಖಕ್ಕೆ ತಾಗಿಸಬೇಡಿ. ತುದಿಯನ್ನು ಟಿಶ್ಯೂನಿಂದ ಒರೆಸಿ, ಬಣ್ಣವನ್ನು ಬಿಸಾಡುವ ಬ್ರಷ್‌ಗೆ ತೆಗೆದುಕೊಂಡು ಹಚ್ಚಿ.

ಪುಡಿಪೆಟ್ಟಿಗೆ:
ಐದು ಬಗೆಯಲ್ಲಿ ಯಾವುದು ಅನ್ನುವುದಕ್ಕೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಿಮಗೆ ಬಣ್ಣ ಬೇಕಾಗಿರುವುದು ಕೂದಲಿಗೋ, ಚರ್ಮಕ್ಕೋ?

ಕೂದಲು ಸಾಕಷ್ಟಿದ್ದು ತಿಳಿಯಾಗಿ, ಎಳಸಾಗಿ ಇದ್ದರೆ ಬಣ್ಣದ ಜೆಲ್ ಒಂದೇ ಸಾಕು. ಪೆನ್ಸಿಲ್ ಮುಟ್ಟಲೇಬೇಡಿ. ಜೆಲ್ ಕೂದಲಿಗೆ ಅಂಟುತ್ತದೆ, ಬೋಳು ಚರ್ಮಕ್ಕೆ ಹಚ್ಚಿದರೆ ಹೊಪ್ಪಳೆಯ ಹಾಗೆ ಕೂರುತ್ತದೆ. ನಾರು ಬೆರೆಸಿದ ಜೆಲ್‌ಗಳಲ್ಲಿರುವ ಸಣ್ಣ ಎಳೆಗಳೂ ಅಷ್ಟೇ, ಹಿಡಿದುಕೊಳ್ಳಲು ಪಕ್ಕದಲ್ಲಿ ಕೂದಲಿರಬೇಕು.

ಒಟ್ಟಾರೆ ತೆಳುವಾಗಿದ್ದು, ಎಲ್ಲೂ ಬೋಳಿಲ್ಲದಿದ್ದರೆ ಪೌಡರ್. ಅದು ಕೂದಲ ಹಿಂದೆ ನೆರಳಿನ ಹಾಗೆ ಕೂರುತ್ತದೆ. ಕೈ ನಡುಗುವವರಿಗೂ ಇದೇ ಸುಲಭ, ಏಕೆಂದರೆ ತಪ್ಪಿದರೂ ಗೆರೆ ಬೀಳುವುದಿಲ್ಲ. ಒಣ ಚರ್ಮದ ಮೇಲೆ ಮಾತ್ರ ಬೇಗ ಉದುರುತ್ತದೆ.

ಅಲ್ಲಲ್ಲಿ ಸಣ್ಣ ಖಾಲಿ ಜಾಗಕ್ಕೆ 1.5 ಮಿಲಿಮೀಟರ್ ಆಸುಪಾಸಿನ ತುದಿಯ, ತಿರುಗಿಸಿ ಹೊರತೆಗೆಯುವ ಪೆನ್ಸಿಲ್. ಗಟ್ಟಿಯಾಗಿರಬೇಕು. ಕಾಡಿಗೆ ಪೆನ್ಸಿಲ್ಲಿನಲ್ಲೇ ಹುಬ್ಬನ್ನೂ ತೀಡುವವರಿದ್ದಾರೆ. ಕಾಡಿಗೆಯನ್ನು ಮಾಡುವುದೇ ರೆಪ್ಪೆಯಂಚಿನ ಮೇಲೆ ಮೆತ್ತಗೆ ಜಾರುವ ಹಾಗೆ, ಹುಬ್ಬಿನ ಮೇಲೆ ಅದು ಹರಡದೆ ಇನ್ನೇನು ಮಾಡೀತು?

ಕೂದಲೇ ಇಲ್ಲದ ಬಾಲಕ್ಕೆ ಪೆನ್ನು. ಹೆಚ್ಚಿನ ಪೆನ್ನುಗಳ ಶಾಯಿ ನೀರಿನ ತಳಹದಿಯದು, ಬರೀ ಚರ್ಮದ ಮೇಲೆ ಹಿಡಿದು ಒಣಗುತ್ತದೆ, ಎಣ್ಣೆಗೆ ಅಷ್ಟು ಬೇಗ ಜಗ್ಗುವುದಿಲ್ಲ. ಆದರೆ ಕ್ರೀಮ್, ಮೇಣ, ಪೌಡರ್ ಯಾವುದರ ಮೇಲೂ ಅದು ಹಿಡಿಯದು. ತುದಿಗೆ ಮೇಣ ಮೆತ್ತಿಕೊಂಡು ಪೆನ್ನೇ ಬರೆಯುವುದು ನಿಲ್ಲುತ್ತದೆ. ಹಾಗಾದಾಗ ಪೆನ್ನು ಖಾಲಿಯಾಯಿತು ಅಂತ ಎಸೆಯಬೇಡಿ, ಒದ್ದೆ ಟಿಶ್ಯೂ ಮೇಲೆ ಒಂದೆರಡು ಸಲ ಎಳೆದು, ತುದಿ ಕೆಳಗಾಗಿ ನಿಲ್ಲಿಸಿಡಿ.

ಪೊಮೇಡ್ ಹೆಚ್ಚು ಹೊತ್ತು ನಿಲ್ಲುತ್ತದೆ, ಬೆವರಿಗೂ ತಡೆಯುತ್ತದೆ. ಆದರೆ ಸಹಜವಾಗಿ ಕಾಣಬೇಕು ಅನ್ನುವವರು ಅದನ್ನು ಕೊನೆಗೆ ಕಲಿಯುವುದು ಒಳ್ಳೆಯದು. ಸಾಸಿವೆ ಕಾಳಿನ ಅರ್ಧದಷ್ಟು ಎರಡೂ ಹುಬ್ಬಿಗೆ ಸಾಕು. ಡಬ್ಬಿಯಲ್ಲಿ ನೇರ ಬ್ರಷ್ ಅದ್ದಿದರೆ ಅದರ ಮೂರು ಪಟ್ಟು ಬರುತ್ತದೆ.

ತೆಳುಗೆರೆ:
ಹಾಗಾದರೆ ಇಲ್ಲಿ ಬಾಲಕ್ಕೆ ಪೆನ್ನು, ಕಮಾನಿನ ಕೆಳಗಿನ ಖಾಲಿ ಜಾಗಕ್ಕೆ ಪೆನ್ಸಿಲ್. ಸರಿಯೇ? ಎಣ್ಣೆ ಚರ್ಮಕ್ಕೆ ಮೊದಲು ಏನಾದರೂ ಹಚ್ಚಬೇಕೆ?

ಸ್ಪೂಲಿಕಡ್ಡಿ:
ಸರಿ. ಕ್ರಮ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಸನ್‌ಸ್ಕ್ರೀನ್, ಫೌಂಡೇಶನ್ ಹಚ್ಚುವುದಿದ್ದರೆ ಅವೆರಡೂ ಮೊದಲು ಆಗಿರಬೇಕು. ಆಮೇಲೆ 10–15 ನಿಮಿಷ ಬಿಡಿ. ಬಳಿಕ ಒದ್ದೆ ಮಾಡಿ ಹಿಂಡಿದ ಹತ್ತಿಕಡ್ಡಿಯಿಂದ ಹುಬ್ಬಿನೊಳಗೆ ಕೂತ ಕ್ರೀಮನ್ನು ಕೂದಲಿನ ದಿಕ್ಕಿಗೆ ಒರೆಸಿ, ಒಣ ಟಿಶ್ಯೂ ಮಡಚಿ ಒತ್ತಿ. ಎಣ್ಣೆ ಚರ್ಮದವರಿಗೆ ಅರ್ಧ ಕೆಲಸ ಇಲ್ಲೇ ಮುಗಿಯಿತು. ಪೆನ್ಸಿಲ್ ನಿಲ್ಲುತ್ತಿಲ್ಲ ಅನ್ನುವ ದೂರುಗಳಲ್ಲಿ ಬಹಳಷ್ಟಕ್ಕೆ ಕಾರಣ ಪೆನ್ಸಿಲ್ಲಲ್ಲ, ಅದರ ಕೆಳಗಿರುವ ಸನ್‌ಸ್ಕ್ರೀನ್.

ಮುಂದೆ ಸ್ಪೂಲಿ, ಅಂದರೆ ಮಸ್ಕರಾ ಕಡ್ಡಿಯಂಥ ಸುರುಳಿ ಬ್ರಷ್. ಮೊದಲು ಕೂದಲನ್ನೆಲ್ಲ ಕೆಳಕ್ಕೆ ಬಾಚಿ ನೋಡಿ, ಮೇಲಂಚಿನ ಖಾಲಿ ಜಾಗ ಕಾಣುತ್ತದೆ. ನಂತರ ಮೇಲಕ್ಕೆ ಬಾಚಿ, ಕೆಳಂಚಿನದು ಕಾಣುತ್ತದೆ. ಕೊನೆಗೆ ಅದರ ಸಹಜ ದಿಕ್ಕಿಗೆ ಬಿಡಿ. ಆಗಲೂ ಖಾಲಿ ಕಂಡ ಜಾಗ ಮಾತ್ರ ತುಂಬಬೇಕಾದ್ದು.

ಈಗ ಬಾಲಕ್ಕೆ ಪೆನ್ನು. ಹೊರಕ್ಕೆ, ತುಸು ಕೆಳಕ್ಕೆ ವಾಲಿದ ನಾಲ್ಕೈದು ಸಣ್ಣ ಎಳೆಗಳು. ಒಂದೊಂದು ಎಳೆಯೂ ಪಕ್ಕದ ಕೂದಲಿಗಿಂತ ಸ್ವಲ್ಪ ಗಿಡ್ಡ ಇರಲಿ, 3–5 ಮಿಲಿಮೀಟರ್ ಸಾಕು. ಬುಡದಲ್ಲಿ ತುದಿ ಊರಿ, ಎಳೆಯುತ್ತಾ ಕೈ ಎತ್ತಿಬಿಡಬೇಕು, ಆಗ ಎಳೆಯ ಕೊನೆ ತಾನಾಗಿ ಚೂಪಾಗುತ್ತದೆ. ಎರಡೂ ಕೊನೆ ಮೊಂಡಾಗಿದ್ದರೆ ಕೂದಲಲ್ಲ, ಕಡ್ಡಿ ಜೋಡಿಸಿದಂತೆ ಕಾಣುತ್ತದೆ. 30 ಸೆಕೆಂಡ್ ಒಣಗಲು ಬಿಡಿ.

ಆಮೇಲೆ ಪೆನ್ಸಿಲ್. ಬರೆಯುವ ಹಾಗೆ ತುದಿಯ ಹತ್ತಿರ ಹಿಡಿದರೆ ಒತ್ತು ಜಾಸ್ತಿ ಬೀಳುತ್ತದೆ. ಹಿಂದಿನ ಕೊನೆಯಲ್ಲಿ ಹಿಡಿಯಿರಿ, ಕಿರುಬೆರಳನ್ನು ಕೆನ್ನೆಗೆ ಊರಿ. ಕಮಾನಿನ ಹತ್ತಿರ ಎರಡು ಸಾಲು ಕೂದಲು ಬಂದು ಕೂಡುತ್ತವೆ: ಕೆಳಗಿನ ಸಾಲು ಮೇಲಕ್ಕೆ ಓರೆಯಾಗಿ, ಮೇಲಿನ ಸಾಲು ಕೆಳಕ್ಕೆ ಓರೆಯಾಗಿ. ನಿಮ್ಮ ಖಾಲಿ ಜಾಗ ಕೆಳಗಿನ ಸಾಲಿನದು, ಹಾಗಾಗಿ ಎಳೆಗಳು ಕೆಳಗಿನಿಂದ ಮೇಲಕ್ಕೆ, ಕಿವಿಯ ಕಡೆ ವಾಲಿಸಿ. ಎಳೆ ಎಳೆಯ ನಡುವೆ ಚರ್ಮ ಉಳಿಸಿ. ಮೂರು ಎಳೆದು ಒಮ್ಮೆ ಸ್ಪೂಲಿ ಆಡಿಸಿ, ಬೇಕೆನಿಸಿದರೆ ಇನ್ನೆರಡು.

ಮೂಗಿನ ಪಕ್ಕದ ಮೊದಲ ಅರ್ಧ ಸೆಂಟಿಮೀಟರಿಗೆ ಪೆನ್ಸಿಲ್ ತಾಗಿಸಲೇಬೇಡಿ. ಸ್ಪೂಲಿಯಲ್ಲಿ ಉಳಿದ ಬಣ್ಣವನ್ನೇ ಅಲ್ಲಿ ಮೇಲ್ಮುಖವಾಗಿ ಆಡಿಸಿ. ಆ ಜಾಗ ಚೌಕಾಕಾರವಾಗಿ ಗಾಢವಾದರೆ ಮುಖ ಸದಾ ಹುಬ್ಬು ಗಂಟಿಕ್ಕಿದ ಹಾಗಾಗುತ್ತದೆ. ತಿದ್ದಿದ ಹುಬ್ಬು ಸಿಕ್ಕಿಬೀಳುವುದೂ ಅಲ್ಲೇ. ಬಾಲ ಸ್ವಲ್ಪ ಹೆಚ್ಚಾದರೂ ಯಾರೂ ಗಮನಿಸರು.

ಪುಡಿಪೆಟ್ಟಿಗೆ:
ಪೆನ್ಸಿಲ್ ಆದ ಮೇಲೆ ಅದೇ ಶೇಡಿನ ಪೌಡರನ್ನು ಓರೆತುದಿಯ ಗಿಡ್ಡ ಬ್ರಷ್‌ನಿಂದ ಪೆನ್ಸಿಲ್ ಇರುವ ಕಡೆ ಮಾತ್ರ ಒತ್ತುವುದನ್ನೂ ಸೇರಿಸಿ. ಎಳೆಯಬೇಡಿ, ಒತ್ತಿ. ಪೌಡರ್ ಮೇಲಿನ ಎಣ್ಣೆ ಹೀರಿ ಮೇಣ ಜಾರುವುದನ್ನು ತಡೆಯುತ್ತದೆ, ಎಳೆಗಳ ಹೊಳಪೂ ಕಡಿಮೆಯಾಗುತ್ತದೆ. ಬ್ರಷ್ 6–8 ಮಿಲಿಮೀಟರ್ ಅಗಲ, ಸಿಂಥೆಟಿಕ್ ಕೂದಲಿನದು, ಬೆರಳಿಂದ ಒತ್ತಿದರೆ ಪಟ್ಟನೆ ನೆಟ್ಟಗಾಗುವಷ್ಟು ಬಿರುಸು. ಮೆತ್ತನೆಯ ಬ್ರಷ್ ಪುಡಿಯನ್ನು ಹುಬ್ಬಿನಾಚೆಗೂ ಚೆಲ್ಲುತ್ತದೆ.

ಹೊಸಬ್ರಷ್:
ಎಲ್ಲಿಂದ ಶುರು, ಎಲ್ಲಿಗೆ ಕೊನೆ ಅಂತ ಪೆನ್ಸಿಲ್ ಮೂಗಿಗೆ ಒರಗಿಸಿ ಅಳೆಯುವ ವಿಧಾನ ಇದೆಯಲ್ಲ, ಅದನ್ನು ಪಾಲಿಸಿದರೆ ಎರಡು ಹುಬ್ಬಿನ ನಡುವೆ ತೀರಾ ಅಂತರ ಬರುತ್ತದೆ. ಅಳತೆ ತಪ್ಪೋ, ಹಿಡಿಯುವುದು ತಪ್ಪೋ?

ಕನ್ನಡಿಬಿಲ್ಲೆ:
ಹಿಡಿಯುವ ಜಾಗ. ಮೂಗಿನ ಹೊಳ್ಳೆಯ ಹೊರಅಂಚಿನಿಂದ ನೆಟ್ಟಗೆ ಮೇಲಕ್ಕೆ ಅಳೆದರೆ ಅಗಲ ಮೂಗಿನವರಿಗೆ ಹುಬ್ಬು ದೂರ ಸರಿಯುತ್ತದೆ, ಕಿರಿದು ಮೂಗಿನವರಿಗೆ ಹತ್ತಿರ ಬಂದು ಕೂಡಿಕೊಳ್ಳುತ್ತದೆ. ಶುರುವಿಗೆ ಮೂಗನ್ನು ಬಿಟ್ಟುಬಿಡಿ, ಕಣ್ಣಿನ ಒಳಮೂಲೆಯಿಂದ ನೆಟ್ಟಗೆ ಮೇಲಕ್ಕೆ ನೋಡಿ. ಕಮಾನಿಗೆ ಹೊಳ್ಳೆಯ ಅಂಚಿನಿಂದ ಕಣ್ಣಿನ ಕಪ್ಪುಭಾಗದ ಹೊರಅಂಚಿನ ಮೇಲೆ ಹಾಯುವ ಗೆರೆ, ಬಾಲಕ್ಕೆ ಹೊಳ್ಳೆಯಿಂದ ಕಣ್ಣಿನ ಹೊರಮೂಲೆಯ ಮೇಲೆ ಹಾಯುವ ಗೆರೆ.

ಈ ಅಳತೆಗಳು ಮಾರ್ಗದರ್ಶನಕ್ಕೆ ಅಷ್ಟೇ. ಕೂದಲು ಇದ್ದಲ್ಲಿ ಹುಬ್ಬು. ಅಳತೆಯ ಬಿಂದು ಕೂದಲಿನಿಂದ 2 ಮಿಲಿಮೀಟರ್ ಆಚೆ ಬಿದ್ದರೆ ಅಲ್ಲಿಯವರೆಗೆ ಎಳೆಯಬಹುದು, 6 ಮಿಲಿಮೀಟರ್ ಆಚೆ ಬಿದ್ದರೆ ಬಿಡಿ. ಬಾಲದ ತುದಿ ಮಾತ್ರ ಹುಬ್ಬಿನ ಮುಂಭಾಗದ ಕೆಳಂಚಿಗಿಂತ ಕೆಳಗಿಳಿಯದಿರಲಿ, ಇಳಿದರೆ ಕಣ್ಣು ಜೋತುಬಿದ್ದಂತೆ ಕಾಣುತ್ತದೆ.

ಅಳೆಯುವಾಗ ಕನ್ನಡಿ ಕಣ್ಣಿನ ಮಟ್ಟದಲ್ಲಿ ನೆಟ್ಟಗಿರಲಿ. ಬಗ್ಗಿ ನೋಡುವ ಮೇಜುಗನ್ನಡಿಯಲ್ಲಿ ನೋಡುತ್ತಿದ್ದಂತೆ ಎಲ್ಲರೂ ಗೊತ್ತಿಲ್ಲದೆ ಹುಬ್ಬೇರಿಸುತ್ತಾರೆ. ಹುಬ್ಬೇರಿಸಿ ಬರೆದ ಕಮಾನು ಮುಖ ಸಡಿಲಿಸಿದ ಕ್ಷಣ ಬೇರೆ ಕಡೆ ಇರುತ್ತದೆ. ಕಣ್ಣು ಮುಚ್ಚಿ, ಉಸಿರು ಬಿಟ್ಟು, ಕಣ್ಣು ತೆರೆದು ಆಮೇಲೆ ಗುರುತು ಹಾಕಿ.

ನಸುಗಪ್ಪು:
ದೊಡ್ಡದಾಗಿ ತೋರಿಸುವ ಕನ್ನಡಿ ಚಿಮಟದಿಂದ ಕೂದಲು ಕೀಳಲು ಸರಿ, ಬಣ್ಣ ತುಂಬಲು ಬೇಡ. ಅದರಲ್ಲಿ ಒಂದೊಂದು ರಂಧ್ರವೂ ಖಾಲಿ ಜಾಗವಾಗಿ ಕಾಣುತ್ತದೆ, ತುಂಬುತ್ತಾ ಹೋಗುತ್ತೀರಿ. ಒಂದು ತೋಳಿನಷ್ಟು ದೂರ ನಿಂತು ನೋಡಿದಾಗ ಕಾಣದ ಖಾಲಿ, ಖಾಲಿಯಲ್ಲ.

ಹೊಸಬ್ರಷ್:
ಎರಡೂ ಹುಬ್ಬು ಒಂದೇ ಥರ ಬರಲು ಏನು ಮಾಡಬೇಕು?

ಸ್ಪೂಲಿಕಡ್ಡಿ:
ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಬಹಳ ಜನರಲ್ಲಿ ಒಂದು ಕಡೆಯ ಹಣೆಯ ಸ್ನಾಯು ಇನ್ನೊಂದಕ್ಕಿಂತ ಹೆಚ್ಚು ಎಳೆಯುತ್ತದೆ. ತಗ್ಗಿದ ಹುಬ್ಬನ್ನು ಎತ್ತರಿಸಲು ಹೋದರೆ ಅದು ದಪ್ಪವಾಗುತ್ತದೆ, ಅದಕ್ಕೆ ಸರಿಗಟ್ಟಲು ಇನ್ನೊಂದು ದಪ್ಪವಾಗುತ್ತದೆ, ಕೊನೆಗೆ ಎರಡೂ ಕೆಡುತ್ತವೆ. ಕಷ್ಟದ ಹುಬ್ಬನ್ನು ಮೊದಲು ಮಾಡಿ, ಸುಲಭದ್ದನ್ನು ಅದಕ್ಕೆ ಹೊಂದಿಸಿ. ಒಂದನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗದೆ, ಇಲ್ಲಿ ಮೂರು ಎಳೆ ಅಲ್ಲಿ ಮೂರು ಎಳೆ ಅಂತ ಮಾಡಿ. ಪರೀಕ್ಷಿಸಲು ಸೆಲ್ಫಿ ಬೇಡ, ಹತ್ತಿರ ಹಿಡಿದ ಫೋನ್ ಮೂಗು ಹುಬ್ಬುಗಳನ್ನು ಹಿಗ್ಗಿಸಿ ತೋರಿಸುತ್ತದೆ. ಹಿಂಬದಿ ಕ್ಯಾಮೆರಾದಲ್ಲಿ ಒಂದೂವರೆ ಮೀಟರ್ ದೂರದಿಂದ ತೆಗೆದ ಚಿತ್ರ ನೋಡಿ.

ಮೇಣದಗೊಂಬೆ:
ಕ್ರಮದಲ್ಲಿ ಜೆಲ್ ಎಲ್ಲಿ ಬಂತು? ಮೊದಲು ಜೆಲ್ ಹಾಕಿ ಕೂದಲು ನಿಲ್ಲಿಸಿ, ಆಮೇಲೆ ಉಳಿದ ಖಾಲಿ ತುಂಬುವುದೇ ಸರಿ. ಕೊನೆಗೆ ಜೆಲ್ ಹಾಕಿದರೆ ಕೂದಲು ಮೇಲೆ ಸರಿದು ಕೆಳಂಚಿನಲ್ಲಿ ಹೊಸ ಖಾಲಿ ಹುಟ್ಟುತ್ತದೆ, ಹಾಕಿದ ಎಳೆಗಳು ತಪ್ಪು ಜಾಗದಲ್ಲಿರುತ್ತವೆ.

ಪುಡಿಪೆಟ್ಟಿಗೆ:
ಒಪ್ಪಲಾರೆ. ಜೆಲ್ ಒಣಗಿ ಆಗುವುದು ಒಂದು ತೆಳು ಪೊರೆ, ಅದರಲ್ಲಿರುವುದು ಪಿವಿಪಿ ಅಥವಾ ಅಕ್ರಿಲೇಟ್ ಥರದ ಪಾಲಿಮರ್. ಅದರ ಮೇಲೆ ಪೆನ್ಸಿಲ್ ಉಜ್ಜಿದರೆ ಪೊರೆ ಒಡೆದು ಬಿಳಿ ಚೂರು ಏಳುತ್ತದೆ, ತಲೆಹೊಟ್ಟು ಉದುರಿದ ಹಾಗೆ. ಕೊನೆಗೇ ಜೆಲ್.

ಮೇಣದಗೊಂಬೆ:
ಚೂರು ಏಳುವುದು ಜೆಲ್ ಹೆಚ್ಚಾದಾಗ. ಕಡ್ಡಿಯನ್ನು ಟ್ಯೂಬಿನ ಕಂಠದಲ್ಲಿ ಎರಡೂ ಮಗ್ಗುಲು ಒರೆಸಿ, ಟಿಶ್ಯೂಗೂ ಒಮ್ಮೆ ತಾಗಿಸಿ ಹಚ್ಚಿದರೆ ಪೊರೆ ಕೂದಲ ಮೇಲಷ್ಟೇ ಇರುತ್ತದೆ, ಚರ್ಮದ ಮೇಲಲ್ಲ. ಎರಡು ನಿಮಿಷ ಒಣಗಿದ ಮೇಲೆ ಕೆಳಂಚಿನ ಚರ್ಮಕ್ಕೆ ಎಳೆ ಹಾಕಿ, ಯಾವ ಪೊರೆಯೂ ಒಡೆಯುವುದಿಲ್ಲ.

ಸ್ಪೂಲಿಕಡ್ಡಿ:
ಇಬ್ಬರ ಮಾತೂ ಅವರವರ ಹುಬ್ಬಿಗೆ ಸರಿ. ಕೂದಲು ಉದ್ದವಿದ್ದು ಮೇಲಕ್ಕೆ ನಿಲ್ಲಿಸುವವರು ಮೊದಲೇ ಜೆಲ್ ಹಾಕಬೇಕು, ಏಕೆಂದರೆ ಕೂದಲಿನ ಜಾಗವೇ ಬದಲಾಗುತ್ತದೆ. ಸಹಜ ದಿಕ್ಕಿಗೆ ಮಲಗಿಸುವವರಿಗೆ ಜಾಗ ಬದಲಾಗುವುದಿಲ್ಲ, ಅವರು ಕೊನೆಗೆ ಹಾಕಲಿ. ತೆಳುಗೆರೆ ಅವರ ಹುಬ್ಬಿನಲ್ಲಿ ಬಾಲ ಬೋಳಾಗಿರುವುದರಿಂದ ಜೆಲ್ ಅಲ್ಲಿಯವರೆಗೆ ಹೋಗಲೇಬಾರದು, ಕಮಾನಿನವರೆಗೆ ಸಾಕು. ಜೆಲ್ ಕಡ್ಡಿಯಲ್ಲಿ ಹೆಚ್ಚು ಸರಕಿರುವುದು ಮೊದಲ ತಾಗಿಗೆ, ಆದ್ದರಿಂದ ಕೂದಲು ದಟ್ಟವಿರುವ ನಡುಭಾಗದಿಂದ ಶುರು ಮಾಡಿ, ಮೂಗಿನ ಕಡೆಯದನ್ನು ಉಳಿದ ಪಸೆಯಲ್ಲಿ ಮುಗಿಸಿ.

ಹೊಸಬ್ರಷ್:
ಜೆಲ್ ಬದಲು ಗ್ಲಿಸರಿನ್ ಸೋಪು ಹಚ್ಚಿದರೆ?

ಮೇಣದಗೊಂಬೆ:
ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಎರಡು ತೊಂದರೆ. ಸೋಪು ಕ್ಷಾರೀಯ, ಪಿಎಚ್ 9–10ರ ಆಸುಪಾಸು. ಬೆವರಿಗೆ ಕರಗಿ ಕಣ್ಣಿಗಿಳಿದರೆ ಉರಿಯುತ್ತದೆ, ಸೂಕ್ಷ್ಮ ಚರ್ಮದವರಿಗೆ ದಿನಾ ಹಚ್ಚಿದರೆ ಹುಬ್ಬಿನ ಕೆಳಗೆ ಒಣಗಿ ಸಿಪ್ಪೆ ಏಳುತ್ತದೆ. ಎರಡನೆಯದು, ಗ್ಲಿಸರಿನ್ ಗಾಳಿಯ ತೇವ ಹೀರುವ ವಸ್ತು, ಸೆಕೆಯ ದಿನ ಮೆತ್ತಗಾಗಿ ಕೂದಲು ಮಲಗುತ್ತದೆ.

ಆದರೂ ಬೇಕೆನಿಸಿದರೆ: ಸ್ಪೂಲಿಗೆ ಒಂದೇ ಒಂದು ಸ್ಪ್ರೇ ನೀರು, ಸೋಪಿನ ಮೇಲೆ ನಾಲ್ಕೈದು ಸಲ ಉಜ್ಜಿ. ನೊರೆ ಬಂದರೆ ನೀರು ಹೆಚ್ಚಾಯಿತು ಅಂತ ಅರ್ಥ, ಒಣಗಿದ ಮೇಲೆ ಬೆಳ್ಳಗೆ ಕಾಣುತ್ತದೆ. ಅಂಟಂಟಾಗಿರಬೇಕು. ಮೇಲಕ್ಕೆ ಬಾಚಿ, ಬೆರಳನ್ನು ಚಪ್ಪಟೆಯಾಗಿಟ್ಟು 20 ಸೆಕೆಂಡ್ ಒತ್ತಿ ಹಿಡಿಯಿರಿ.

ಬೆಳ್ಳಿರೇಖೆ:
ನೆರೆತ ಹುಬ್ಬಿನ ಬಗ್ಗೆ ಯಾರೂ ಹೇಳಲಿಲ್ಲ. ಕಪ್ಪು ಕೂದಲ ನಡುವೆ ಐದಾರು ಬಿಳಿಯವು. ಪೆನ್ಸಿಲ್ ಎಷ್ಟು ಎಳೆದರೂ ಚರ್ಮ ಕಪ್ಪಾಗುತ್ತದೆಯೇ ಹೊರತು ಬಿಳಿಗೂದಲು ಬಿಳಿಯಾಗಿಯೇ ಇರುತ್ತದೆ.

ನಸುಗಪ್ಪು:
ಅಲ್ಲಿ ಪೆನ್ಸಿಲ್ಲಿಗೆ ಕೆಲಸವೇ ಇಲ್ಲ. ಬಿಳಿಗೂದಲು ಸಾಮಾನ್ಯವಾಗಿ ಒರಟು, ಚರ್ಮದಿಂದ ಎದ್ದು ನಿಂತಿರುತ್ತದೆ, ಚರ್ಮಕ್ಕೆ ಬಳಿದದ್ದು ಅದಕ್ಕೆ ತಾಗುವುದಿಲ್ಲ. ಬಣ್ಣದ ಜೆಲ್ ತೆಗೆದುಕೊಂಡು ಮೊದಲು ಕೂದಲಿನ ಎದುರು ದಿಕ್ಕಿಗೆ, ಬಾಲದಿಂದ ಮೂಗಿನ ಕಡೆಗೆ ಹಗುರವಾಗಿ ಬಾಚಿ, ಕೂದಲಿನ ಹಿಂಬದಿಗೂ ಬಣ್ಣ ಹತ್ತುತ್ತದೆ. ಒಣಗುವ ಮುಂಚೆ ಸರಿ ದಿಕ್ಕಿಗೆ ಬಾಚಿ. ಒಂದು ಸಲಕ್ಕೆ ಸಾಲದಿದ್ದರೆ ಎರಡು ನಿಮಿಷ ಬಿಟ್ಟು ಬಿಳಿಗೂದಲಿಗೆ ಮಾತ್ರ ಇನ್ನೊಮ್ಮೆ. ಕಿತ್ತುಹಾಕಬೇಡಿ, ಐದಾರು ಕಿತ್ತರೆ ಅಲ್ಲೊಂದು ಬೋಳು ಉಳಿಯುತ್ತದೆ. ಪೂರ್ತಿ ನೆರೆತ ಹುಬ್ಬಿಗೆ ಕಂದು ಬೇಡ, ಬೂದುಗಂದು ಅಥವಾ ಇದ್ದಿಲು ಬೂದು.

ಕನ್ನಡಕ ಹಾಕುವವರಿಗೆ ಇನ್ನೊಂದು ಮಾತು: ಪ್ಲಸ್ ಪವರ್ ಗಾಜಿನ ಹಿಂದಿರುವ ಹುಬ್ಬಿನ ಭಾಗ ದೊಡ್ಡದಾಗಿ, ಮೈನಸ್ ಗಾಜಿನ ಹಿಂದಿನದು ಚಿಕ್ಕದಾಗಿ ಕಾಣುತ್ತದೆ. ಮುಗಿಸಿದ ಮೇಲೆ ಕನ್ನಡಕ ಹಾಕಿಕೊಂಡೇ ಕನ್ನಡಿ ನೋಡಿ.

ಬೆಳ್ಳಿರೇಖೆ:
ಸಲೂನ್‌ನಲ್ಲಿ ಹುಬ್ಬಿಗೆ ಡೈ ಹಾಕಿಸಿದರೆ ಈ ರಗಳೆಯೇ ಇರುವುದಿಲ್ಲವಲ್ಲ?

ಕನ್ನಡಿಬಿಲ್ಲೆ:
ತಲೆಗೂದಲಿನ ಡೈ ಅನ್ನು ಹುಬ್ಬಿಗೆ ಯಾವತ್ತೂ ಬೇಡ. ಬಹಳಷ್ಟು ಗಾಢ ಡೈಗಳಲ್ಲಿರುವ ಪಿಪಿಡಿ ಅಲರ್ಜಿ ಮಾಡುವ ವಸ್ತು, ಹುಬ್ಬಿನಿಂದ ಕಣ್ಣಿಗೆ ಇರುವುದು ಒಂದು ಬೆರಳಗಲ. 1930ರ ದಶಕದಲ್ಲಿ ಅಮೆರಿಕದಲ್ಲಿ ‘ಲ್ಯಾಶ್ ಲ್ಯೂರ್’ ಅನ್ನುವ ರೆಪ್ಪೆ-ಹುಬ್ಬಿನ ಡೈ ಇದೇ ಜಾತಿಯ ರಾಸಾಯನಿಕದಿಂದ ಕಣ್ಣುಗಳನ್ನೇ ಕಳೆದಿತ್ತು. 1938ರಲ್ಲಿ ಅಲ್ಲಿ ಸೌಂದರ್ಯವರ್ಧಕಗಳನ್ನೂ ಕಾನೂನಿನ ಹಿಡಿತಕ್ಕೆ ತರುವುದರ ಹಿಂದೆ ಆ ಪ್ರಕರಣಗಳೂ ಇದ್ದವು. ಹುಬ್ಬಿಗೆ ಶಾಶ್ವತ ಬಣ್ಣ ಹಾಕುವ ಯಾವ ವಸ್ತುವಿಗೂ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ದಶಕಗಳ ಕಾಲ ಒಪ್ಪಿಗೆ ಕೊಟ್ಟಿರಲಿಲ್ಲ. ಬೇರೆ ಕಡೆಗಳ ನಿಯಮ ಬೇರೆ ಇರಬಹುದು, ಚರ್ಮ ಮಾತ್ರ ಎಲ್ಲ ಕಡೆಯೂ ಒಂದೇ.

‘ಗಿಡದ್ದೇ, ಮೆಹಂದಿಯೇ’ ಅಂದರೂ ಪದಾರ್ಥಗಳ ಪಟ್ಟಿ ಓದಿ. ಅಪ್ಪಟ ಮೆಹಂದಿ ಕೊಡುವುದು ಕೆಂಪು-ಕಿತ್ತಳೆ. ಅರ್ಧ ಗಂಟೆಯಲ್ಲಿ ಕಪ್ಪು ಬರಿಸುವ ‘ಕಪ್ಪು ಮೆಹಂದಿ’ಯಲ್ಲಿ ಬೇರೇನೋ ಬೆರೆತಿದೆ, ಬಹಳ ಸಲ ಆ ಪಿಪಿಡಿಯೇ. ಹುಬ್ಬಿಗೆಂದೇ ಮಾಡಿದ ಬಣ್ಣ ಹಾಕಿಸುವುದಾದರೂ ಕಿವಿಯ ಹಿಂದೆ ಹಚ್ಚಿ 48 ಗಂಟೆ ಕಾಯಬೇಕು. ‘ಹಿಂದೆ ಹಾಕಿಸಿದ್ದಾಗ ಏನೂ ಆಗಿರಲಿಲ್ಲ’ ಅನ್ನುವುದು ಲೆಕ್ಕಕ್ಕಿಲ್ಲ, ಅಲರ್ಜಿ ಯಾವ ಸಲವಾದರೂ ಶುರುವಾಗಬಹುದು.

ತೆಳುಗೆರೆ:
ಬಾಲದ ಕೂದಲು ಮತ್ತೆ ಬೆಳೆಯಲು ಏನಾದರೂ ದಾರಿ? ಹರಳೆಣ್ಣೆ ಹಚ್ಚಿ ಅನ್ನುತ್ತಾರೆ.

ನಸುಗಪ್ಪು:
ಹರಳೆಣ್ಣೆ ಇರುವ ಕೂದಲಿಗೆ ಲೇಪವಾಗಿ ಹೊಳಪು ಕೊಡುತ್ತದೆ, ದಪ್ಪ ಕಂಡಂತಾಗುತ್ತದೆ. ಇಲ್ಲದ ಕೂದಲು ಹುಟ್ಟಿಸುತ್ತದೆ ಅನ್ನಲು ಗಟ್ಟಿ ಆಧಾರವಿಲ್ಲ. ರಾತ್ರಿ ಹಚ್ಚುವುದಾದರೆ ಬೆಳಿಗ್ಗೆ ಪೂರ್ತಿ ತೊಳೆಯಿರಿ, ಇಲ್ಲದಿದ್ದರೆ ಪೆನ್ಸಿಲ್ ಜಾರುವುದಕ್ಕೆ ಇನ್ನೊಂದು ಕಾರಣ ಸಿಕ್ಕಿತು.

ಅತಿಯಾಗಿ ಕಿತ್ತು ತೆಳುವಾಗಿದ್ದರೆ ಕೀಳುವುದನ್ನು ನಿಲ್ಲಿಸಿ ಮೂರು ನಾಲ್ಕು ತಿಂಗಳು ಕಾಯಿರಿ. ಹುಬ್ಬಿನ ಕೂದಲು ಬೆಳೆಯುವ ಹಂತ ಚಿಕ್ಕದು, ಬಹಳ ಹೊತ್ತು ಅದು ವಿಶ್ರಾಂತಿಯಲ್ಲೇ ಇರುತ್ತದೆ. ಎರಡು ವಾರಕ್ಕೆ ಏನೂ ಕಾಣಲಿಲ್ಲ ಅಂತ ಮತ್ತೆ ಚಿಮಟ ಹಿಡಿಯಬೇಡಿ. ವರ್ಷಗಟ್ಟಲೆ ಕಿತ್ತ ಜಾಗದಲ್ಲಿ ಕೂದಲಿನ ಬುಡವೇ ಸತ್ತಿದ್ದರೆ ಬರುವುದಿಲ್ಲ.

ಕೀಳದೆಯೇ ಬಾಲದ ಕಡೆಯ ಮೂರನೇ ಒಂದು ಭಾಗ ಉದುರಿದ್ದರೆ ಅದು ಮೇಕಪ್ಪಿನ ವಿಷಯವಲ್ಲ. ಥೈರಾಯ್ಡ್ ಕಡಿಮೆಯಾದವರಲ್ಲಿ ಹೀಗೆ ಆಗುವುದುಂಟು, ಚರ್ಮದ ಬೇರೆ ಕಾಯಿಲೆಗಳಲ್ಲೂ ಉಂಟು. ದುಂಡಗೆ ಬೋಳಾಗಿದ್ದರೆ, ಕೆಂಪಗಾಗಿ ತುರಿಸುತ್ತಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ. ಹೋಗುವ ದಿನ ಹುಬ್ಬಿಗೆ ಏನೂ ಹಚ್ಚಬೇಡಿ.

ಹೊಸಬ್ರಷ್:
ಪೊಮೇಡ್ ಡಬ್ಬಿ ತೆರೆದ ಎರಡೇ ತಿಂಗಳಿಗೆ ಬಿರುಕುಬಿಟ್ಟ ಮಣ್ಣಿನ ಹಾಗಾಗುತ್ತದೆ. ಒಂದು ಹನಿ ಎಣ್ಣೆ ಬಿಡಬಹುದೆ?

ಪುಡಿಪೆಟ್ಟಿಗೆ:
ಬೇಡ. ಪೊಮೇಡ್ ನಿಲ್ಲುವುದೇ ಅದರಲ್ಲಿರುವ ಬೇಗ ಆರುವ ದ್ರಾವಕ ಹಾರಿಹೋಗಿ ಪೊರೆ ಉಳಿಯುವುದರಿಂದ. ಬಹಳ ಕಡೆ ಅದು ಐಸೋಡೊಡೆಕೇನ್. ಮುಖದ ಮೇಲೆ ಆರಬೇಕಾದ್ದು ಡಬ್ಬಿಯಲ್ಲೇ ಆರಿದರೆ ಹೀಗಾಗುತ್ತದೆ. ಎಣ್ಣೆ ಆರುವುದಿಲ್ಲ, ಹಾಗಾಗಿ ಎಣ್ಣೆ ಬೆರೆಸಿದ ಪೊಮೇಡ್ ಮುಖದ ಮೇಲೂ ಆರುವುದಿಲ್ಲ, ಸಂಜೆಯವರೆಗೆ ಒರೆಸಿಕೊಳ್ಳುತ್ತಲೇ ಇರಬೇಕು. ನೀರು ಬೆರೆಯುವುದೇ ಇಲ್ಲ. ಮೇಕಪ್ ಸಡಿಲಿಸಲೆಂದೇ ಬರುವ, ಪಟ್ಟಿಯಲ್ಲಿ ಐಸೋಡೊಡೆಕೇನ್ ಇರುವ ದ್ರವ ಒಂದು ಹನಿ. ಅದನ್ನೂ ಡಬ್ಬಿಗೆ ಬೇಡ, ಕೈಯ ಹಿಂಬದಿಗೆ ತೆಗೆದ ಚೂರಿಗೆ. ಇನ್ನು ಮುಂದೆ ಮುಚ್ಚಳ ತೆಗೆದಿಟ್ಟು ಹುಬ್ಬು ತಿದ್ದುತ್ತಾ ಕೂರಬೇಡಿ: ತೆಗೆದುಕೊಳ್ಳಿ, ಮುಚ್ಚಿ, ಆಮೇಲೆ ಹಚ್ಚಿ. ಬಾಯಿಯಂಚಿಗೆ ಮೆತ್ತಿದ್ದನ್ನು ಒರೆಸದಿದ್ದರೆ ಮುಚ್ಚಳ ಸರಿಯಾಗಿ ಕೂರದು.

ಕನ್ನಡಿಬಿಲ್ಲೆ:
ಡಬ್ಬಿಯ ಹಿಂದೆ ತೆರೆದ ಡಬ್ಬಿಯ ಚಿತ್ರದೊಳಗೆ ‘6 ಎಂ’, ‘12 ಎಂ’ ಅಂತ ಇರುತ್ತದಲ್ಲ, ತೆರೆದ ಮೇಲೆ ಅಷ್ಟು ತಿಂಗಳು. ಜೆಲ್ ಟ್ಯೂಬಿಗೆ ಇದು ಮುಖ್ಯ, ಕಡ್ಡಿ ದಿನಾ ಚರ್ಮ ಮುಟ್ಟಿ ಒಳಗೆ ಹೋಗುತ್ತದೆ. ಕಡ್ಡಿಯನ್ನು ಪಂಪ್ ಹೊಡೆದ ಹಾಗೆ ಆಡಿಸಬೇಡಿ, ಒಳಗೆ ಗಾಳಿ ಹೋಗಿ ಬೇಗ ಒಣಗುತ್ತದೆ. ಸ್ಪೂಲಿ, ಓರೆ ಬ್ರಷ್ ಎರಡನ್ನೂ ವಾರಕ್ಕೊಮ್ಮೆ ತೊಳೆದು, ತಲೆ ಕೆಳಗಾಗಿ ಒಣಗಿಸಿ.

ತೆಳುಗೆರೆ:
ಪೆನ್ನಿನ ಗೆರೆ ರಾತ್ರಿ ಮುಖ ತೊಳೆದರೂ ಹೋಗದೆ ಬೆಳಿಗ್ಗೆ ಹಸಿರು ಮಿಶ್ರ ಬೂದು ಬಣ್ಣದ ನೆರಳು ಉಳಿದರೆ?

ಸ್ಪೂಲಿಕಡ್ಡಿ:
ಉಜ್ಜಬೇಡಿ, ಉಜ್ಜಿದರೆ ಇರುವ ನಾಲ್ಕು ಕೂದಲೂ ಹೋಗುತ್ತವೆ. ಎಣ್ಣೆ ತಳದ ಕ್ಲೆನ್ಸರ್ ಹತ್ತಿಗೆ ಹಾಕಿ ಹುಬ್ಬಿನ ಮೇಲೆ 20 ಸೆಕೆಂಡ್ ಒತ್ತಿ ಹಿಡಿದು, ಕೂದಲಿನ ದಿಕ್ಕಿಗೆ ಒಂದೇ ಸಲ ಒರೆಸಿ. ಮತ್ತೆ ಹೊಸ ಹತ್ತಿಯಲ್ಲಿ ಅದೇ. ಆಮೇಲೆ ಫೇಸ್‌ವಾಶ್. ಆದರೂ ಉಳಿದದ್ದು ಮೇಲ್ಚರ್ಮಕ್ಕೆ ಹಿಡಿದ ಕಲೆ, ಒಂದೆರಡು ದಿನಕ್ಕೆ ತಾನೇ ಹೋಗುತ್ತದೆ. ಅದರ ಮೇಲೇ ಮರುದಿನದ ಎಳೆಗಳನ್ನು ಹಾಕುವಾಗ ಹಿಂದಿನ ದಿನದಷ್ಟು ಹಾಕಬೇಡಿ, ಅರ್ಧ ಸಾಕು. ಈ ಲೆಕ್ಕ ಬಿಟ್ಟೇ ವಾರದ ಕೊನೆಗೆ ಬಾಲ ಗಾಢವಾಗಿ ಕೂತಿರುವುದು.

ತೆಳುಗೆರೆ:
ತಿರುಗಿಸುವ ಪೆನ್ಸಿಲ್ಲಿನ ತುದಿ ಪದೇಪದೇ ಮುರಿಯುತ್ತದೆ, ಅದೊಂದು ಹೇಳಿಬಿಡಿ.

ಮೇಣದಗೊಂಬೆ:
ಹೊರಗೆ 1 ಮಿಲಿಮೀಟರಿಗಿಂತ ಹೆಚ್ಚು ತೆಗೆಯಬೇಡಿ. ಮುಚ್ಚಳ ಹಾಕುವ ಮುಂಚೆ ಪೂರ್ತಿ ಒಳಗೆ ತಿರುಗಿಸಿ. ಸೆಕೆಗೆ ಮೆತ್ತಗಾಗಿದ್ದರೆ ಹತ್ತು ನಿಮಿಷ ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಲ್ಲ.